ಕೊಳ್ಳುವ ಕಣ್ಣು, ಬಳಸುವ ಕೈ

1905ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ಇಂಗ್ಲೆಂಡಿನ ಈಶಾನ್ಯ ಭಾಗದ ಮಿಡಲ್ಸ್‌ಬರೋ ಎಂಬ ಉಕ್ಕಿನ ಊರಿನ ಫುಟ್‌ಬಾಲ್ ಕ್ಲಬ್ಬು, ಮೊದಲ ದರ್ಜೆಯಿಂದ ಕೆಳಗಿಳಿಯಬೇಕಾದೀತೆಂಬ ಭೀತಿಯಲ್ಲಿ ಕಂಗೆಟ್ಟು, ನೆರೆಯ ಸಂಡರ್ಲೆಂಡ್ ಕ್ಲಬ್ಬಿಗೆ 1,000 ಪೌಂಡು ತೆತ್ತು ಆಲ್ಫ್ ಕಾಮನ್ ಎಂಬ ಆಟಗಾರನನ್ನು ತನ್ನ ಪಾಳೆಯಕ್ಕೆ ತಂದುಕೊಂಡಿತು. ಒಬ್ಬ ಆಟಗಾರನಿಗಾಗಿ ನಾಲ್ಕಂಕಿಯ ಹಣ ಕೈಯಿಂದ ಕೈಗೆ ದಾಟಿದ್ದು ಅದೇ ಮೊದಲು. ಮನುಷ್ಯನನ್ನು ಹೀಗೆ ಬೆಲೆ ಕಟ್ಟಿ ಮಾರುವುದು ಯಾವ ನ್ಯಾಯವೆಂದು ಪತ್ರಿಕೆಗಳು ಕಿಡಿಕಾರಿದುವು. ಆದರೆ ಕೆಲವೇ ದಿನಗಳಲ್ಲಿ, ಅದೇ ಸಂಡರ್ಲೆಂಡಿನ ಮೈದಾನದಲ್ಲಿ, ಕಾಮನ್ ಹೊಡೆದ ಏಕಮಾತ್ರ ಪೆನಾಲ್ಟಿ ಗೋಲಿನಿಂದ ಮಿಡಲ್ಸ್‌ಬರೋ ಗೆದ್ದು, ಪರಸ್ಥಳದಲ್ಲಿ ಸುಮಾರು ಎರಡು ವರ್ಷಗಳಿಂದ ಕಾಣದಿದ್ದ ಜಯವನ್ನು ಕಂಡು, ಆ ವರ್ಷ ಮೇಲಿನ ದರ್ಜೆಯಲ್ಲಿಯೇ ಉಳಿದುಕೊಂಡಿತು. ಧರ್ಮದ ಪ್ರಶ್ನೆ ಅಲ್ಲಿಗೆ ಮೆಲ್ಲನೆ ಹಿಂದೆ ಸರಿಯಿತು. 1908ರಲ್ಲಿ ಆಟದ ಆಡಳಿತದ ಹಿರಿಯರು ಯಾವ ಆಟಗಾರನಿಗೂ 350 ಪೌಂಡಿಗಿಂತ ಹೆಚ್ಚು ಕೊಡಬಾರದೆಂದು ಕಟ್ಟಳೆ ವಿಧಿಸಿದರೂ, ಅದು ಮೂರು ತಿಂಗಳಲ್ಲಿಯೇ ಮುರಿದುಬಿತ್ತು.

ಈ ವ್ಯಾಪಾರದ ವೈಚಿತ್ರ್ಯವೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಕ್ಲಬ್ಬುಗಳು ಪರಸ್ಪರ ಸಾವಿರಗಳನ್ನು ಎಣಿಸಿಕೊಡುತ್ತಿದ್ದರೂ ಆ ಹಣವು ಯಾರ ಕಾಲ್ಚಳಕಕ್ಕಾಗಿ ಸಲ್ಲುತ್ತಿತ್ತೋ ಆತನ ಕೈಗೆ ಅದರ ಪಾಲು ಬಹುಮಟ್ಟಿಗೆ ಬರುತ್ತಿರಲಿಲ್ಲ. ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಸಂಬಳವಿರಕೂಡದೆಂದು 1901ರಲ್ಲಿ ಹಾಕಿದ ಮಿತಿಯು ಕ್ರಮಕ್ರಮವಾಗಿ ಏರಿ 20 ಪೌಂಡಿಗೆ ಬಂದು ನಿಂತು, 1961ರಲ್ಲಿ ಆಟಗಾರರು ಮುಷ್ಕರದ ಬೆದರಿಕೆ ಹಾಕಿದ ಮೇಲೆಯೇ ಅಳಿಯಿತು. ಒಪ್ಪಂದದ ಅವಧಿ ತೀರಿದ ತರುವಾಯವೂ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ಕ್ಲಬ್ಬಿನ ಹಕ್ಕಿಗೆ, ನ್ಯೂಕಾಸಲ್ ಕ್ಲಬ್ಬಿನ ಮೇಲೆ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ದಾವೆಯಲ್ಲಿ, 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು ಮೊದಲ ಪೆಟ್ಟು ಕೊಟ್ಟರು. ಅಲ್ಲಿಂದ ಮುಂದೆ ಸಂಬಳವೂ ವರ್ಗಾವಣೆಯ ಬೆಲೆಯೂ ಒಟ್ಟೊಟ್ಟಾಗಿ ಏರತೊಡಗಿ, ಹಣವಂತ ಕ್ಲಬ್ಬುಗಳಿಗೆ ಮಾತ್ರವೇ ಕೀರ್ತಿಯೆಂದು ಜನರು ನಿರ್ಧರಿಸಿಕೊಳ್ಳುತ್ತಿದ್ದ ಆ ಕಾಲದಲ್ಲಿಯೇ, ಹಣಕ್ಕಿಂತ ಹೆಚ್ಚಾಗಿ ಕಣ್ಣನ್ನು ನೆಚ್ಚಿ ವ್ಯಾಪಾರ ಮಾಡಿದ ಇಬ್ಬರು ಸ್ನೇಹಿತರು ಇಂಗ್ಲೆಂಡಿನ ಎರಡು ಸಾಮಾನ್ಯ ಊರುಗಳನ್ನು ಒಂದಾದಮೇಲೊಂದರಂತೆ ಲೀಗಿನ ಶಿಖರಕ್ಕೆ ಏರಿಸಿದರು.

ಬ್ರಯನ್ ಕ್ಲಫನು ಮಿಡಲ್ಸ್‌ಬರೋದವನು, 1935ರಲ್ಲಿ ಹುಟ್ಟಿದವನು. ಪೀಟರ್ ಟೇಲರನು ಅವನಿಗಿಂತ ಸುಮಾರು ಏಳು ವರ್ಷ ಹಿರಿಯ, ನಾಟಿಂಗ್‌ಹ್ಯಾಮಿನವನು. ಟೇಲರನು 1955ರಲ್ಲಿ ಗೋಲ್‌ಕೀಪರನಾಗಿ ಮಿಡಲ್ಸ್‌ಬರೋಗೆ ಬಂದಾಗ, ಮೀಸಲು ಆಟಗಾರರ ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಒರಟು ಮಾತಿನ ಹುಡುಗನೊಬ್ಬನು ಗೋಲುಗಳ ಗಣಿಯೆಂಬುದನ್ನು ಮೊತ್ತಮೊದಲು ಗುರುತಿಸಿ, ಕೇಳಿದವರಿಗೂ ಕೇಳದವರಿಗೂ ಅದನ್ನು ಸಾರಿಕೊಂಡು ಬಂದನು. ಟೇಲರನ ಮೊದಲ ಶೋಧನೆ ಕ್ಲಫನೇ ಎಂದರೆ ತಪ್ಪಾಗದು. ಆ ಹುಡುಗನು ಲೀಗಿನ 274 ಪಂದ್ಯಗಳಲ್ಲಿ 251 ಗೋಲುಗಳನ್ನು ಹೊಡೆದು, 1962ರ ಕ್ರಿಸ್‌ಮಸ್ಸಿನ ಮಾರನೆಯ ದಿನ ಸಂಡರ್ಲೆಂಡಿನ ಮೈದಾನದಲ್ಲಿ ಎದುರಾಳಿ ಗೋಲ್‌ಕೀಪರನಿಗೆ ಡಿಕ್ಕಿ ಹೊಡೆದು ಮಂಡಿಗೆ ಬಲವಾದ ಪೆಟ್ಟು ಮಾಡಿಕೊಂಡನು. ಆಟಗಾರನಾಗಿ ಅವನ ಬಾಳು ಅಲ್ಲಿಗೆ ಹೆಚ್ಚುಕಡಮೆ ಮುಗಿಯಿತು. 1965ರಲ್ಲಿ, ಲೀಗಿನ ಕಟ್ಟಕಡೆಯ ದರ್ಜೆಯಲ್ಲಿ ಬಡತನದಿಂದ ನರಳುತ್ತಿದ್ದ ಹಾರ್ಟ್ಲ್‌ಪೂಲ್ಸ್ ಕ್ಲಬ್ಬಿನ ಮ್ಯಾನೇಜರ್ ಪದವಿ ಅವನಿಗೆ ದೊರೆತಾಗ, ಅವನು ಮಾಡಿದ ಮೊದಲ ಕೆಲಸವೆಂದರೆ ಟೇಲರನನ್ನು ಕರೆಸಿಕೊಂಡದ್ದು. ಟೇಲರನು ಆರಿಸುವುದು, ಕ್ಲಫನು ಆಡಿಸುವುದು: ಈ ವಿಭಾಗವು ಅಂದಿನಿಂದ ಬಹುಮಟ್ಟಿಗೆ ಹಾಗೆಯೇ ನಡೆದುಬಂತು.

1967ರಲ್ಲಿ ಇಬ್ಬರೂ ಎರಡನೆಯ ದರ್ಜೆಯ ಡಾರ್ಬಿ ಕೌಂಟಿಗೆ ಬಂದರು. ಟ್ರ್ಯಾನ್‌ಮಿಯರ್ ಎಂಬ ಸಣ್ಣ ಕ್ಲಬ್ಬಿನಲ್ಲಿ ರಕ್ಷಣಾಪಂಕ್ತಿಯ ನಡುವೆ ನಿಂತು ಆಡುತ್ತಿದ್ದ ರಾಯ್ ಮೆಕ್‌ಫಾರ್ಲೆಂಡ್ ಎಂಬ 19 ವರ್ಷದ ತರುಣನಿಗೆ 24,000 ಪೌಂಡಿನ ಬೆಲೆ ಗೊತ್ತುಮಾಡಿಕೊಂಡು, ರಾತ್ರಿ ಬಹಳ ಹೊತ್ತಾದ ಮೇಲೆ ಅವನ ಮನೆಯ ಬಾಗಿಲು ತಟ್ಟಿ, ನಿದ್ದೆಯಿಂದೆದ್ದು ಪೈಜಾಮದಲ್ಲಿಯೇ ಇಳಿದುಬಂದ ಹುಡುಗನನ್ನು ಕೂರಿಸಿಕೊಂಡು, ಸಹಿ ಬೀಳುವವರೆಗೂ ಇಬ್ಬರೂ ಅಲ್ಲಾಡಲಿಲ್ಲ. ಲಿವರ್‌ಪೂಲ್ ತಂಡದ ಆರಾಧಕನಾಗಿದ್ದ ಆತನಿಗೆ ಡಾರ್ಬಿಯ ಮೇಲೆ ಮನಸ್ಸಿರಲಿಲ್ಲ. ಇಷ್ಟು ಹಠದಿಂದ ಬಯಸುವವರ ಬಳಿಗೆ ಹೋಗುವುದೇ ಲೇಸೆಂದು ತಂದೆಯು ಹೇಳಿದ ಮಾತಿಗೆ ಒಪ್ಪಿ ಹೆಸರು ಬರೆದನು. ಅವನು ಮುಂದೆ ಇಂಗ್ಲೆಂಡಿನ ಪರವಾಗಿ 28 ಪಂದ್ಯಗಳನ್ನಾಡಿದನು.

ಆದರೆ ಈ ಜೋಡಿಯ ವಿದ್ಯೆಯ ಸಾರವು ತರುಣನ ಕ್ರಯದಲ್ಲಿರುವುದಕ್ಕಿಂತಲೂ ಮುದುಕನೊಬ್ಬನ ಕ್ರಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆಂದು ನನಗೆ ತೋರುತ್ತದೆ. ಟಾಟನ್‌ಹ್ಯಾಮಿನ ಡೇವ್ ಮೆಕೇ, ಒಂದೇ ಕಾಲನ್ನು ಎರಡು ಬಾರಿ ಮುರಿದುಕೊಂಡವನು, 1968ರ ಬೇಸಗೆಯಲ್ಲಿ 33 ವರ್ಷ ತುಂಬಿ, ಸ್ಕಾಟ್ಲೆಂಡಿನ ತನ್ನ ಹಳೆಯ ಕ್ಲಬ್ಬಿಗೆ ಹಿಂದಿರುಗಿ ನೆಮ್ಮದಿಯಾಗಿ ಆಟವನ್ನು ಮುಗಿಸಬೇಕೆಂದಿದ್ದನು. ಅವನ ಕಾಲುಗಳ ವೇಗವು ಅಡಗಿದೆಯೆಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿ. ಆದುದರಿಂದಲೇ ಬೆಲೆ 5,000 ಪೌಂಡು ಮಾತ್ರ. ಅವನ ಧೈರ್ಯವೂ ಆಟವನ್ನು ಓದುವ ಬುದ್ಧಿಯೂ ಎಳ್ಳಷ್ಟೂ ಅಡಗಿಲ್ಲವೆಂಬುದನ್ನು ಕಂಡವರು ಇವರಿಬ್ಬರೇ. ಮೈದಾನದ ನಡುವೆ ಓಡಾಡುತ್ತಿದ್ದವನನ್ನು ರಕ್ಷಣಾಪಂಕ್ತಿಗೆ ಸರಿಸಿ, ತರುಣ ಮೆಕ್‌ಫಾರ್ಲೆಂಡನ ಪಕ್ಕದಲ್ಲಿ ನಿಲ್ಲಿಸಿ, ಓಡುವ ಕೆಲಸವನ್ನು ಹುಡುಗರಿಗೂ ಆಳುವ ಕೆಲಸವನ್ನು ಅವನಿಗೂ ಹಂಚಿಕೊಟ್ಟರು. ಮರುವರ್ಷ ಡಾರ್ಬಿಯು ಎರಡನೆಯ ದರ್ಜೆಯನ್ನು ಗೆದ್ದು ಮೇಲೇರಿತು. ಪತ್ರಿಕಾಕರ್ತರ ಸಂಘವು ಆ ವರ್ಷದ ಶ್ರೇಷ್ಠ ಆಟಗಾರನೆಂಬ ಗೌರವವನ್ನು ಮೆಕೇ ಮತ್ತು ಮ್ಯಾಂಚೆಸ್ಟರ್ ಸಿಟಿಯ ಟೋನಿ ಬುಕ್ ಇಬ್ಬರಿಗೂ ಹಂಚಿತು. ದನಗಳ ಜಾತ್ರೆಯಲ್ಲಿ ಹಲ್ಲು ಹಿಡಿದು ವಯಸ್ಸು ನೋಡುವವರು ಎಷ್ಟೋ ಮಂದಿ. ಯಾವ ಹೊಲಕ್ಕೆ ಯಾವ ಎತ್ತೆಂದು ಬಲ್ಲವರು ಕೆಲವರೇ.

ಅವರು ಹಣ ಚೆಲ್ಲಲೇ ಇಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. 1971ರಲ್ಲಿ ಸಂಡರ್ಲೆಂಡಿನ ಕಾಲಿನ್ ಟಾಡ್‌ನಿಗೆ ಸುಮಾರು 1,75,000 ಪೌಂಡು ಕೊಟ್ಟಾಗ, ರಕ್ಷಣೆಯ ಆಟಗಾರನೊಬ್ಬನಿಗೆ ಅಷ್ಟು ಹಣವನ್ನು ಬ್ರಿಟನ್ನಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷನಾದ ಸ್ಯಾಮ್ ಲಾಂಗ್ಸನ್ನನು ಆಗ ದೂರದ ಕೆರಿಬಿಯನ್ನಿನಲ್ಲಿ ವಿಶ್ರಮಿಸಿಕೊಳ್ಳುತ್ತಿದ್ದನು. ಮತ್ತೊಬ್ಬ ಒಳ್ಳೆಯ ಆಟಗಾರನನ್ನು ಕೊಂಡಿರುವೆನೆಂದೂ ಹಣವು ತೀರುತ್ತ ಬಂದಿದೆಯೆಂದೂ ಪ್ರೀತಿಪೂರ್ವಕವಾಗಿ ಒಂದು ತಂತಿಯನ್ನು ಕಳುಹಿಸಿ ಕ್ಲಫನು ಸುಮ್ಮನಾದನು. 1972ರಲ್ಲಿ ಡಾರ್ಬಿಯು ಲೀಗನ್ನೇ ಗೆದ್ದುದರಿಂದ ಆ ತಂತಿಯ ಉದ್ಧಟತನವು ಆಗ ವಿನೋದವಾಗಿಯೇ ಕಂಡಿತು. ಆಡಳಿತವರ್ಗಕ್ಕೂ ಅವನಿಗೂ ಬೆಳೆದ ವೈಮನಸ್ಯದ ಕಥೆ ಬೇರೆಯೇ ದೊಡ್ಡದು. 1973ರ ಅಕ್ಟೋಬರಿನಲ್ಲಿ ಇಬ್ಬರೂ ರಾಜೀನಾಮೆಯಿತ್ತು ಹೊರಬಂದರು. ಮರುವರ್ಷ ಟೇಲರನಿಲ್ಲದೆ ಒಬ್ಬನೇ ಲೀಡ್ಸ್ ಕ್ಲಬ್ಬಿಗೆ ಹೋದ ಕ್ಲಫನು 44 ದಿನಗಳಲ್ಲಿ ಅಲ್ಲಿಂದ ಹೊರದೂಡಲ್ಪಟ್ಟನು.

1975ರ ಜನವರಿಯಲ್ಲಿ ಅವನು ಸೇರಿದ ನಾಟಿಂಗ್‌ಹ್ಯಾಮ್ ಫಾರೆಸ್ಟ್, ಟ್ರೆಂಟ್ ನದಿಯ ದಂಡೆಯಲ್ಲಿ, ಎರಡನೆಯ ದರ್ಜೆಯಲ್ಲಿ, ಅರ್ಧ ತುಂಬಿದ ಮೈದಾನದಲ್ಲಿ ದಿನ ನೂಕುತ್ತಿದ್ದ ಹಳೆಯ ಕ್ಲಬ್ಬು. ಷೇರುದಾರರ ಕಂಪನಿಯಾಗದೆ ಸದಸ್ಯರು ಚುನಾಯಿಸಿದ ಸಮಿತಿಯೊಂದರ ಆಡಳಿತದಲ್ಲಿದ್ದ ಕ್ಲಬ್ಬು ಇಡೀ ಲೀಗಿನಲ್ಲಿ ಅದೊಂದೇ ಆಗಿತ್ತು. 1976ರ ಬೇಸಗೆಯಲ್ಲಿ ಬ್ರೈಟನ್ ಕ್ಲಬ್ಬಿನ ಕೆಲಸ ಬಿಟ್ಟು ಟೇಲರನು ಬಂದು ಸೇರುವವರೆಗೆ ಅಲ್ಲಿ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲವೆಂಬುದನ್ನು ಗಮನಿಸಬೇಕು. ಬಂದವನು ಮೊದಲು ಹೊರಗೆ ಹುಡುಕದೆ ಮನೆಯೊಳಗೆ ಹುಡುಕಿದನು. ಜಾನ್ ರಾಬರ್ಟ್‌ಸನ್ ಎಂಬ ಸ್ಕಾಟ್ಲೆಂಡಿನ ಹುಡುಗನೊಬ್ಬನು ಹದಿಹರೆಯದಿಂದಲೇ ಕ್ಲಬ್ಬಿನಲ್ಲಿದ್ದನು. ಮೈಯಲ್ಲಿ ಬೊಜ್ಜು, ಬೆರಳಲ್ಲಿ ಸಿಗರೇಟು, ನಡಿಗೆಯಲ್ಲಿ ಆಲಸ್ಯ, ಮಾರಬೇಕಾದವರ ಪಟ್ಟಿಯಲ್ಲಿ ಹೆಸರು. ಟೇಲರನು ಅವನನ್ನು ಹತ್ತಿರ ಕರೆದು ಮರ್ಮಕ್ಕೆ ನಾಟುವಂತೆ ಬಯ್ದನು. ಎಡ ಅಂಚಿನಲ್ಲಿ ನಿಲ್ಲಿಸಿದ ಮೇಲೆ, ಓಡುವ ಶಕ್ತಿಯಿಲ್ಲದ ಆ ಮನುಷ್ಯನು ನಿಂತಲ್ಲಿಂದಲೇ ಚೆಂಡನ್ನು ಹೇಗೆ ಬೇಕೋ ಹಾಗೆ, ಎಲ್ಲಿಗೆ ಬೇಕೋ ಅಲ್ಲಿಗೆ ಕಳುಹಿಸಬಲ್ಲನೆಂಬುದು ಯೂರೋಪಿಗೆಲ್ಲ ತಿಳಿದುಬಂತು. ಕೊಳ್ಳದೆಯೇ ಕೊಂಡ ಆಟಗಾರನಿವನು.

ಅದೇ ವರ್ಷ ಬರ್ಮಿಂಗ್‌ಹ್ಯಾಮಿನಿಂದ ಪೀಟರ್ ವಿದ್ ಸುಮಾರು 42,000 ಪೌಂಡಿಗೆ ಬಂದನು. ಲಿವರ್‌ಪೂಲಿನಲ್ಲಿ ಒಮ್ಮೆ ಮೆರೆದು ಕವೆಂಟ್ರಿಯಲ್ಲಿ ಮಂಕಾಗಿದ್ದ ಲ್ಯಾರಿ ಲಾಯ್ಡ್ 60,000ಕ್ಕೆ ಬಂದನು. ನೆಲಗಂಬಳಿ ಹಾಸುವ ಕೆಲಸ ಮಾಡಿಕೊಂಡು ಲಾಂಗ್ ಈಟನ್ ಎಂಬ ಸಣ್ಣ ಊರಿನ ತಂಡದಲ್ಲಿ ಆಡುತ್ತಿದ್ದ ಗ್ಯಾರಿ ಬರ್ಟಲ್ಸ್ 2,000 ಪೌಂಡಿಗೆ ಬಂದನು. ಬರ್ಟಲ್ಸನನ್ನು ನೋಡಲು ಹೋಗಿದ್ದ ಕ್ಲಫನು, ಅವನ ಆಟಕ್ಕಿಂತ ವಿರಾಮದಲ್ಲಿ ಕುಡಿದ ಬಿಸಿ ಪಾನೀಯವೇ ಚೆನ್ನಾಗಿತ್ತೆಂದು ಹಾಸ್ಯ ಮಾಡಿದನಂತೆ, ಆದರೂ ಕೊಂಡರು. 1977ರಲ್ಲಿ ಫಾರೆಸ್ಟ್ ಮೂರನೆಯ ಸ್ಥಾನದಲ್ಲಿ ಮುಗಿಸಿ, ಕೂದಲೆಳೆಯ ಅಂತರದಲ್ಲಿ ಮೊದಲ ದರ್ಜೆಗೆ ನುಸುಳಿಕೊಂಡಿತು.

ಆ ಬೇಸಗೆಯ ಕ್ರಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬರ್ಮಿಂಗ್‌ಹ್ಯಾಮಿನ ಕೆನ್ನಿ ಬರ್ನ್ಸ್ ಎಂಬಾತನು ಗೋಲು ಹೊಡೆಯುವುದರಲ್ಲಿ ನಿಪುಣನಾದರೂ, ಜಗಳಗಂಟನೆಂದೂ ಕುಡುಕನೆಂದೂ ಜೂಜುಕೋರನೆಂದೂ ಹೆಸರಾಗಿ, ಯಾವ ಮ್ಯಾನೇಜರನೂ ಮನೆಗೆ ತಂದುಕೊಳ್ಳಲಾರದ ಕೆಂಡವೆನಿಸಿದ್ದನು. ಕ್ಲಫನಿಗೂ ಅವನ ಹೆಸರೆತ್ತಿದರೆ ಮೈಯುರಿ. ಟೇಲರನು ಕೇಳಿದ ಮಾತನ್ನು ನಂಬುವವನಲ್ಲ. ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು, ಕಪ್ಪು ಕನ್ನಡಕ ಧರಿಸಿ, ಬರ್ನ್ಸನು ಹೋಗುತ್ತಿದ್ದ ಬೇಟೆನಾಯಿಗಳ ಓಟದ ಬಯಲಿನಲ್ಲಿ ಅವನ ಹಿಂದೆಯೇ ಸುಳಿದಾಡಿ, ಎಷ್ಟು ಹಣ ಕಟ್ಟುತ್ತಾನೆ, ಸೋತಾಗ ಹೇಗಿರುತ್ತಾನೆ ಎಂಬುದನ್ನು ಕಣ್ಣಾರೆ ಕಂಡುಕೊಂಡೆನೆಂದು ಮುಂದೆ ತಾನೇ ಹೇಳಿಕೊಂಡಿದ್ದಾನೆ. ಕಂಡದ್ದು ಇಷ್ಟು: ಆತನು ಕಟ್ಟುತ್ತಿದ್ದುದು ಸಣ್ಣ ಹಣ, ಲೋಕವು ಕಟ್ಟಿದ್ದುದು ದೊಡ್ಡ ಕಥೆ. 1,50,000 ಪೌಂಡು ಕೊಟ್ಟು ತಂದು, ಮುನ್ನುಗ್ಗಿ ಗೋಲು ಹೊಡೆಯುತ್ತಿದ್ದವನನ್ನು ಹಿಂದಕ್ಕೆಳೆದು ಲಾಯ್ಡನ ಪಕ್ಕದಲ್ಲಿ ರಕ್ಷಣೆಗೆ ನಿಲ್ಲಿಸಿದರು. 1978ರಲ್ಲಿ ವರ್ಷದ ಶ್ರೇಷ್ಠ ಆಟಗಾರನೆಂಬ ಪತ್ರಿಕಾಕರ್ತರ ಗೌರವವು ಆ ಜಗಳಗಂಟನಿಗೇ ದೊರೆಯಿತು.

ಇದು ಒಂದು ಅದೃಷ್ಟದ ಆಟವಲ್ಲ, ಇವರ ನಿಶ್ಚಿತ ಕ್ರಮ. ಹೊಸದಾಗಿ ಬರುವ ಆಟಗಾರನನ್ನು ಸಹಿ ಹಾಕುವ ಮುಂಚೆಯೇ, ನಿನ್ನ ಚಟ ಯಾವುದು, ಹೆಣ್ಣೋ ಹೆಂಡವೋ ಜೂಜೋ ಎಂದು ನೇರವಾಗಿ ಕೇಳಿಬಿಡುತ್ತಿದ್ದರು. ಅದು ನೀತಿಬೋಧೆಯ ಪ್ರಶ್ನೆಯಾಗಿರಲಿಲ್ಲ, ಶುದ್ಧ ವ್ಯಾಪಾರದ ಪ್ರಶ್ನೆ. ಅಪಕೀರ್ತಿಯು ಆಟಗಾರನ ಬೆಲೆಯನ್ನು ಅವನ ಸತ್ವಕ್ಕಿಂತ ಎಷ್ಟೋ ಕೆಳಕ್ಕೆ ತಳ್ಳುತ್ತದೆ. ಆ ಅಪಕೀರ್ತಿಯ ಮೂಲವನ್ನು ಅರಿತು, ಅದನ್ನು ಕಾಯ್ದುಕೊಳ್ಳುವ ಉಪಾಯ ಬಲ್ಲವನಿಗೆ ಆ ಅಂತರವೆಲ್ಲ ಲಾಭ. ಇದರ ಮತ್ತೊಂದು ಮುಖವನ್ನೂ ಟೇಲರನು ಬಲ್ಲವನಾಗಿದ್ದನು. ಗೆದ್ದ ತಂಡದ ಆಟಗಾರನ ಬೆಲೆಯು ಅವನ ಸತ್ವವು ಇಳಿಯತೊಡಗಿದ ಮೇಲೆಯೂ ಕೆಲಕಾಲ ಏರುತ್ತಲೇ ಇರುವುದರಿಂದ, ಇಳಿತವು ಇತರರ ಕಣ್ಣಿಗೆ ಬೀಳುವ ಮೊದಲೇ ಮಾರಿಬಿಡಬೇಕು, ಪ್ರೀತಿಯ ಆಟಗಾರನೆಂಬ ಮೋಹ ಕೂಡದು ಎಂಬುದು 1980ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಕಂಡುಬರುವ ನಿಲುವು.

ಅಗ್ಗವಾದುದೆಲ್ಲ ಲಾಭವಲ್ಲ, ತುಟ್ಟಿಯಾದುದೆಲ್ಲ ನಷ್ಟವಲ್ಲ ಎಂಬುದಕ್ಕೆ ಪೀಟರ್ ಶಿಲ್ಟನನೇ ಸಾಕ್ಷಿ. ಸ್ಟೋಕ್ ಕ್ಲಬ್ಬು ಕೆಳದರ್ಜೆಗೆ ಬಿದ್ದುದರಿಂದ ದೊರೆಯುವಂತಾದ ಆ ಗೋಲ್‌ಕೀಪರನಿಗೆ 1977ರ ಸೆಪ್ಟೆಂಬರಿನಲ್ಲಿ ಎರಡೂವರೆ ಲಕ್ಷ ಪೌಂಡುಗಳ ಆಸುಪಾಸಿನ ಹಣವನ್ನು ಕೊಟ್ಟರು. ಗೋಲು ಹೊಡೆಯದವನಿಗೆ ಅಷ್ಟು ಹಣವೇ ಎಂಬ ಲೋಕದ ಆಶ್ಚರ್ಯಕ್ಕೆ ಉತ್ತರವು ವರ್ಷದ ಕೊನೆಯಲ್ಲಿ ದೊರೆಯಿತು: 42 ಪಂದ್ಯಗಳಲ್ಲಿ ಫಾರೆಸ್ಟಿನ ಮೇಲೆ ಬಿದ್ದ ಗೋಲುಗಳು 24 ಮಾತ್ರ. 1978ರ ಏಪ್ರಿಲಿನಲ್ಲಿ ಕವೆಂಟ್ರಿಯ ಮೈದಾನದಲ್ಲಿ, ಎದುರಾಳಿ ತಂಡದ ಫರ್ಗುಸನ್ ತಲೆಯಿಂದ ತೀರ ಹತ್ತಿರದಿಂದ ಹೊಡೆದ ಚೆಂಡನ್ನು ಶಿಲ್ಟನನು ತಡೆದುನೂಕಿದ ಆ ಗೋಲಿಲ್ಲದ ಪಂದ್ಯದಲ್ಲಿಯೇ ಲೀಗು ಫಾರೆಸ್ಟಿನದಾಯಿತು. ಕೆಳಗಿನಿಂದ ಏರಿಬಂದ ಮೊದಲ ವರ್ಷದಲ್ಲಿಯೇ, ಎರಡನೆಯ ಸ್ಥಾನದ ಲಿವರ್‌ಪೂಲಿಗಿಂತ 7 ಅಂಕ ಮುಂದೆ.

ಗೆದ್ದ ಬೆನ್ನಲ್ಲೇ ಮುನ್ನಡೆಯ ವಿದ್‌ನನ್ನು ಕೊಂಡದ್ದಕ್ಕಿಂತ ಹಲವು ಪಟ್ಟು ಹಣಕ್ಕೆ ನ್ಯೂಕಾಸಲ್ಲಿಗೆ ಮಾರಿದರು. ಅವನ ಜಾಗದಲ್ಲಿ ನಿಂತವನು ಗಂಬಳಿ ಹಾಸುವ ಬರ್ಟಲ್ಸ್. 1978ರ ಸೆಪ್ಟೆಂಬರಿನಲ್ಲಿ ಯೂರೋಪಿಯನ್ ಕಪ್ಪಿನ ಮೊದಲ ಸುತ್ತಿನಲ್ಲಿಯೇ ಎದುರಾದ, ಹಿಂದಿನ ಎರಡು ವರ್ಷ ಆ ಕಪ್ಪನ್ನು ಗೆದ್ದಿದ್ದ ಲಿವರ್‌ಪೂಲಿನ ಮೇಲೆ ಗೋಲು ಹೊಡೆದವನೂ ಅವನೇ. ಆದರೆ ಮಾರಿದ್ದೆಲ್ಲ ಸರಿಯೆಂದು ನಾನು ವಾದಿಸಲಾರೆ: ಅದೇ ವಿದ್ 1982ರಲ್ಲಿ ಆಸ್ಟನ್ ವಿಲ್ಲಾ ಪರವಾಗಿ ಆಡಿ, ರಾಟರ್‌ಡ್ಯಾಮಿನಲ್ಲಿ ಬಾಯರ್ನ್ ಮ್ಯೂನಿಕ್ಕಿನ ಮೇಲೆ ಯೂರೋಪಿಯನ್ ಕಪ್ಪಿನ ಏಕೈಕ ಗೋಲನ್ನು ಹೊಡೆದನು.

1979ರ ಜನವರಿಯಲ್ಲಿ ವೆಸ್ಟ್ ಬ್ರಾಮ್‌ವಿಚ್ ಕ್ಲಬ್ಬು ಡೇವಿಡ್ ಮಿಲ್ಸನಿಗೆ 5,16,000 ಪೌಂಡು ಕೊಟ್ಟಾಗ, ಬ್ರಿಟನ್ನಿನಲ್ಲಿ ಅಷ್ಟು ಬೆಲೆಯನ್ನು ಯಾರೂ ಕಂಡಿರಲಿಲ್ಲ. ಮರುತಿಂಗಳೇ ಫಾರೆಸ್ಟ್ ಬರ್ಮಿಂಗ್‌ಹ್ಯಾಮಿನ ಟ್ರೆವರ್ ಫ್ರಾನ್ಸಿಸ್ಸನನ್ನು ಅದರ ಇಮ್ಮಡಿ ಬೆಲೆಗೆ ಕೊಂಡಿತು. ಹತ್ತು ಲಕ್ಷದ ಭಾರವು ಹುಡುಗನ ತಲೆಯೇರಬಾರದೆಂದು ಬೆಲೆಯನ್ನು 9,99,999 ಪೌಂಡೆಂದೇ ಕ್ಲಫನು ಸಾರುತ್ತಿದ್ದನು. ತೆರಿಗೆಗಳೆಲ್ಲ ಸೇರಿ ಲೆಕ್ಕ ಅದನ್ನು ದಾಟಿಯೇ ಹೋಗಿತ್ತು. ದೇಶದ ಪತ್ರಿಕೆಗಳೆಲ್ಲ ನೆರೆದಿದ್ದ ಆ ದಿನ ಅವನು ಬಂದದ್ದು ಸ್ಕ್ವಾಶ್ ಆಟದ ಬ್ಯಾಟನ್ನು ಕೈಯಲ್ಲಿ ಹಿಡಿದು, ಆಟಕ್ಕೆ ಹೊತ್ತಾಗುತ್ತಿದೆಯೆಂಬಂತೆ. ಫ್ರಾನ್ಸಿಸ್ಸನನ್ನು ಮೊದಲು ಆಡಿಸಿದ್ದು ಕ್ಲಬ್ಬಿನ ಮೂರನೆಯ ತಂಡದಲ್ಲಿ, ಬೆರಳೆಣಿಕೆಯ ಜನರ ಮುಂದೆ. ಯೂರೋಪಿಯನ್ ಕಪ್ಪಿನ ನಿಯಮದಂತೆ ಅಂತಿಮ ಪಂದ್ಯದವರೆಗೆ ಅವನು ಆಡುವಂತಿರಲಿಲ್ಲ. 1979ರ ಮೇ 30ರಂದು ಮ್ಯೂನಿಕ್ಕಿನಲ್ಲಿ ಸ್ವೀಡನ್ನಿನ ಮಾಲ್ಮೋ ತಂಡದ ಎದುರು, ಯೂರೋಪಿನಲ್ಲಿ ತಾನಾಡಿದ ಮೊದಲ ಪಂದ್ಯದಲ್ಲಿಯೇ, ದೂರದ ಕಂಬದ ಬಳಿಗೆ ಓಡಿಬಂದು ತಲೆಯಿಂದ ಗೋಲು ಹೊಡೆದು ಕಪ್ಪನ್ನು ಗೆದ್ದುಕೊಟ್ಟನು. ಆ ಚೆಂಡನ್ನು ಎಡ ಅಂಚಿನಿಂದ ಅಳೆದು ಕಳುಹಿಸಿದವನು ರಾಬರ್ಟ್‌ಸನ್. ಮರುವರ್ಷ ಮ್ಯಾಡ್ರಿಡ್ಡಿನಲ್ಲಿ, ಫ್ರಾನ್ಸಿಸ್ಸನು ಗಾಯಗೊಂಡು ಹೊರಗುಳಿದಿದ್ದಾಗ, ಹ್ಯಾಂಬರ್ಗಿನ ಮೇಲೆ ಏಕೈಕ ಗೋಲು ಹೊಡೆದು ಕಪ್ಪನ್ನು ಮತ್ತೆ ತಂದವನೂ ರಾಬರ್ಟ್‌ಸನ್ನೇ. ಪತ್ರಿಕೆಗಳು ಹತ್ತು ಲಕ್ಷದವನನ್ನು ಕುರಿತು ಬರೆಯುತ್ತಲೇ ಇದ್ದುವು.

ಇಳಿತವು ಆರಂಭವಾದದ್ದು ಆ ವೈಭವದ ನಡುವೆಯೇ. 1979ರ ಬೇಸಗೆಯಲ್ಲಿ 5 ಲಕ್ಷ ಪೌಂಡಿಗೆ ತಂದ ಏಸಾ ಹಾರ್ಟ್‌ಫರ್ಡನು ತಮ್ಮ ಆಟಕ್ಕೆ ಹೊಂದುವುದಿಲ್ಲವೆಂದು ಮೂರು ಲೀಗ್ ಪಂದ್ಯಗಳಲ್ಲಿ ಅರಿತು, ನಷ್ಟಕ್ಕೆ ಎವರ್ಟನ್ನಿಗೆ ಮಾರಿದರು. ಇದನ್ನು ಹಲವರು ಹಾಸ್ಯ ಮಾಡಿದ್ದುಂಟು. ನನಗಾದರೋ ಇದು ಅವರ ಬುದ್ಧಿಯು ಇನ್ನೂ ಹರಿತವಾಗಿದ್ದುದರ ಕುರುಹೆಂದೇ ತೋರುತ್ತದೆ. ಆ ಹರಿತವು ಮುಂದೆ ಉಳಿಯಲಿಲ್ಲ. ಸುಮಾರು 25 ಲಕ್ಷ ಪೌಂಡಿನ ಹೊಸ ಪ್ರೇಕ್ಷಕಾಗಾರವು ಮೇಲೆದ್ದು ಸಾಲದ ಹೊರೆ ಕುಳಿತ ಹೊತ್ತಿನಲ್ಲಿಯೇ, 1980ರಲ್ಲಿ ಕವೆಂಟ್ರಿಯ ಇಯಾನ್ ವಾಲೆಸ್ಸನಿಗೆ ಹನ್ನೆರಡೂವರೆ ಲಕ್ಷ ಪೌಂಡು ತೆತ್ತರು. ಬರ್ಟಲ್ಸನನ್ನು ಅಷ್ಟೇ ಹಣಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಮಾರಿದರು. ಮಾರಾಟವು ಅದ್ಭುತವಾದುದೇ ಸರಿ, ಏಕೆಂದರೆ ಅಲ್ಲಿನ ಮೊದಲ ಋತುವಿನಲ್ಲಿ ಬರ್ಟಲ್ಸನು ಲೀಗಿನಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. ಆದರೆ ವಾಲೆಸ್ಸನಿಂದ ನಿರೀಕ್ಷಿಸಿದ್ದೂ ಕೈಗೂಡಲಿಲ್ಲ. ಅದೇ ಋತುವಿನಲ್ಲಿ ಯೂರೋಪಿಯನ್ ಕಪ್ಪಿನ ಮೊದಲ ಸುತ್ತಿನಲ್ಲಿಯೇ ಸೋಫಿಯಾ ನಗರದ ತಂಡವೊಂದಕ್ಕೆ ಫಾರೆಸ್ಟ್ ಸೋತು ಹೊರಬಿತ್ತು.

1981ರಲ್ಲಿ ನಾರಿಚ್ ಕ್ಲಬ್ಬಿನ ಜಸ್ಟಿನ್ ಫಶಾನು 10 ಲಕ್ಷ ಪೌಂಡಿಗೆ ಬಂದನು. ಆತನು ಹಿಂದಿನ ವರ್ಷ ಲಿವರ್‌ಪೂಲಿನ ಮೇಲೆ ದೂರದಿಂದ ಹೊಡೆದ ಒಂದು ಗೋಲನ್ನು ದೂರದರ್ಶನದಲ್ಲಿ ದೇಶವೆಲ್ಲ ಕಂಡಿತ್ತು. ಕೊಂಡದ್ದು ಆ ಗೋಲನ್ನೇ ಎನ್ನುವಂತಾಯಿತು. ಬರ್ನ್ಸನ ಬೆನ್ನುಹತ್ತಿ ನಾಯಿಗಳ ಬಯಲಿಗೆ ಹೋದಂತೆ ಈ ಬಾರಿ ಮನುಷ್ಯನನ್ನು ಅರಿಯುವ ಗೋಜಿಗೆ ಯಾರೂ ಹೋದಂತೆ ಕಾಣದು. ಇಪ್ಪತ್ತು ವರ್ಷದ ಆ ಕರಿಯ ತರುಣನು ಸಲಿಂಗಪ್ರೇಮಿಯೆಂಬ ಸುದ್ದಿ ತಿಳಿದಾಗ ಕ್ಲಫನು ಅವನನ್ನು ಎದುರಿಗೆ ನಿಲ್ಲಿಸಿ ಹೀನಾಯವಾಗಿ ಮಾತನಾಡಿದನು. ಅಭ್ಯಾಸದ ಬಯಲಿಗೆ ಕಾಲಿಡದಂತೆ ತಡೆದು ಕೊನೆಗೆ ಪೊಲೀಸರನ್ನೇ ಕರೆಸಿದನು. ಯಾವ ದುರ್ಗುಣವಿದ್ದರೂ ಹೇಳು, ಕಾಯುತ್ತೇವೆ ಎನ್ನುತ್ತಿದ್ದವರ ಬಾಗಿಲು, ದುರ್ಗುಣವೇ ಅಲ್ಲದ ಒಂದಕ್ಕೆ ಹೀಗೆ ಮುಚ್ಚಿತು. ಇದನ್ನು ಕಾಲಧರ್ಮವೆಂದು ತಳ್ಳಿಹಾಕಲು ನನ್ನ ಮನಸ್ಸೊಪ್ಪದು; ಕ್ರೌರ್ಯವೆಂದೇ ಹೇಳಬೇಕು. 32 ಲೀಗ್ ಪಂದ್ಯಗಳಲ್ಲಿ 3 ಗೋಲು ಹೊಡೆದ ಫಶಾನುವನ್ನು ಮರುವರ್ಷ ಟ್ರೆಂಟಿನ ಆಚೆ ದಂಡೆಯ ನಾಟ್ಸ್ ಕೌಂಟಿಗೆ 1,50,000 ಪೌಂಡಿಗೆ ಮಾರಿದರು.

1982ರ ಮೇ ತಿಂಗಳಿನಲ್ಲಿ, ದಣಿದೆನೆಂದು ಹೇಳಿ ಟೇಲರನು ನಿವೃತ್ತನಾದನು. ಆದರೆ ಅದೇ ನವೆಂಬರಿನಲ್ಲಿ, ಎರಡನೆಯ ದರ್ಜೆಯಲ್ಲಿ ಕುಸಿಯುತ್ತಿದ್ದ ಡಾರ್ಬಿಯ ಮ್ಯಾನೇಜರನಾಗಿ ಮರಳಿ ಬಂದನು. 1983ರ ಜನವರಿಯಲ್ಲಿ ಎಫ್.ಎ. ಕಪ್ಪಿನ ಪಂದ್ಯದಲ್ಲಿ ಅವನ ಡಾರ್ಬಿಯು ಕ್ಲಫನ ಫಾರೆಸ್ಟನ್ನು 2-0 ಅಂತರದಿಂದ ಸೋಲಿಸಿತು. ಗೋಲು ಹೊಡೆದವರಲ್ಲಿ ಒಬ್ಬನು, ಇವರಿಬ್ಬರೂ ಹಿಂದೆ ಎರಡು ಕ್ಲಬ್ಬುಗಳಿಗೂ ಕೊಂಡು ತಂದಿದ್ದ ಆರ್ಚಿ ಗೆಮಿಲ್. ಆ ಬೇಸಗೆಯಲ್ಲಿ ರಾಬರ್ಟ್‌ಸನ್ನನ ಒಪ್ಪಂದವು ಮುಗಿಯಿತು. ಹಳೆಯ ಸ್ನೇಹಿತನಿಗೆ ಒಂದು ಮಾತನ್ನೂ ತಿಳಿಸದೆ ಟೇಲರನು ಅವನನ್ನು ಡಾರ್ಬಿಗೆ ಸೇರಿಸಿಕೊಂಡನು. ಹೊಸ ಕಟ್ಟಳೆಯಂತೆ ಬೆಲೆಯನ್ನು ನ್ಯಾಯಮಂಡಲಿಯೊಂದು 1,35,000 ಪೌಂಡೆಂದು ನಿಶ್ಚಯಿಸಿತು. ಕ್ಲಫನ ಕೋಪವು ಪತ್ರಿಕೆಗಳಲ್ಲಿ ಹರಿದಾಡಿತು. 1990ರ ಅಕ್ಟೋಬರಿನಲ್ಲಿ ಟೇಲರನು ತೀರಿಕೊಳ್ಳುವವರೆಗೂ ಇಬ್ಬರ ನಡುವೆ ಮಾತು ಮರಳಲಿಲ್ಲ.

ಆಗ ರಾಬರ್ಟ್‌ಸನ್ನನಿಗೆ ಮೂವತ್ತು ವರ್ಷ. ಇಳಿತವು ಇತರರ ಕಣ್ಣಿಗೆ ಬೀಳುವ ಮೊದಲೇ ಮಾರಬೇಕು, ಮೋಹ ಕೂಡದು ಎಂದು ಬರೆದವನೇ, ತಾನು ಬಯ್ದು ತಿದ್ದಿದ್ದ ಆ ಮನುಷ್ಯನನ್ನು, ಯೂರೋಪಿನ ಎರಡು ಕಪ್ಪುಗಳ ಕೀರ್ತಿಯನ್ನೂ ಸೇರಿಸಿಕೊಂಡು, ಇಳಿತದ ಹೊತ್ತಿನಲ್ಲಿ ಕೊಂಡನು. ಗಾಯದಿಂದ ರಾಬರ್ಟ್‌ಸನ್ನನ ಕಾಲು ಹಿಡಿಯಿತು. 1984ರಲ್ಲಿ ಡಾರ್ಬಿಯು ಮೂರನೆಯ ದರ್ಜೆಗಿಳಿಯಿತು. ಅದಕ್ಕೂ ಮೊದಲೇ ಟೇಲರನು ಪದವಿ ಬಿಟ್ಟಿದ್ದನು. 1985ರಲ್ಲಿ ರಾಬರ್ಟ್‌ಸನ್ ಫಾರೆಸ್ಟಿಗೆ ಹಿಂದಿರುಗಿದನು. ಅವನನ್ನು ಮರಳಿ ತಂದುಕೊಂಡವನು ಕ್ಲಫನೇ.